ಒಂದು ಆಣೆ ಜಾಗ ಎಲ್ಲಿ ಹೋಯ್ತು?

ಹೋದ ಸಲ ಹದ್ದುಬಸ್ತಿನ (ಜಮೀನಿನ ಗಡಿ ಅಳೆದು ಗುರುತಿಸೋದರ) ಬಗ್ಗೆ ಎರಡು ಸಾಲು ಬರೆದದ್ದೇ ತಪ್ಪಾಯ್ತು ನೋಡಿ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಳತೆಯ ಜಗಳವೇ. ಪಹಣಿಯಲ್ಲಿ ಒಂದು, ಕ್ರಯಪತ್ರದಲ್ಲಿ ಒಂದು, ಟೇಪಿನಲ್ಲಿ ಇನ್ನೊಂದು. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿಕೊಂಡಿದ್ದಾರೆ, ಅಣ್ಣತಮ್ಮಂದಿರ ವಿಷಯ ಅಲ್ವಾ. ಹಾಗಾಗಿ ಊರಿನ ಹೆಸರು ಮಾತ್ರ ಇಟ್ಟಿದ್ದೇನೆ.

ಪ್ರಶ್ನೆ: ಸರ್, ನಾವು ಮೂವರು ಅಣ್ಣತಮ್ಮಂದಿರು. ಅಪ್ಪನ ಹೆಸರಲ್ಲಿ ಒಂದೇ ಒಂದು ಎಕರೆ ಹೊಲ. ನಾಲ್ಕು ಸರಪಳಿ ಅಗಲ, ಹತ್ತು ಸರಪಳಿ ಉದ್ದ, ಮೂಲೆಗಳೆಲ್ಲ ನೇರ. ಮನೆಯಲ್ಲೇ ಕೂತು ಪಾಲು ಮಾಡಿಕೊಂಡೆವು. ಕಾಗದದಲ್ಲಿ ನನಗೂ ತಮ್ಮನಿಗೂ 13 ಗುಂಟೆ 5 ಆಣೆ, ದೊಡ್ಡಣ್ಣನಿಗೆ 13 ಗುಂಟೆ 6 ಆಣೆ ಅಂತ ಬರೆದೆವು. ಒಂದು ಆಣೆ ಅಣ್ಣನಿಗೆ ಜಾಸ್ತಿ ಹೋಗಲಿ ಬಿಡು ಅಂದುಕೊಂಡೆವು. ಸರ್ವೆ ಲೆಕ್ಕ ಬಲ್ಲ ಸೋದರಮಾವ ಬಂದು ಗೂಟ ಹೊಡೆದುಕೊಟ್ಟರು. ಈಗ ಟೇಪ್ ಹಿಡಿದರೆ ನನ್ನ ಪಾಲಿನ ಅಗಲ 43 ಅಡಿ 4 ಇಂಚಿಗೆ ಸ್ವಲ್ಪ ಕಮ್ಮಿ, ಅಣ್ಣನದು 45 ಅಡಿ 4 ಇಂಚಿಗೂ ಮೇಲೆ. ಒಂದು ಆಣೆಗೆ ಎರಡು ಅಡಿ ಅಗಲ ಹೆಚ್ಚಾಗುತ್ತಾ? ತಮ್ಮ ಅಣ್ಣನ ಜೊತೆ ಮಾತು ಬಿಟ್ಟಿದ್ದಾನೆ.
— ಹಿರೇಕೆರೂರು

ಉತ್ತರ: ಆಗಲ್ಲ. ನಿಮ್ಮ ಅಣ್ಣನೂ ಮೋಸ ಮಾಡಿಲ್ಲ, ಮಾವನೂ ಮಾಡಿಲ್ಲ. ಮೋಸ ಮಾಡಿದ್ದು ‘ಆಣೆ’ ಅನ್ನೋ ಪದ.

ನಮ್ಮಲ್ಲಿ ಆಣೆ ಎರಡಿವೆ. ಸರ್ವೆ ಸರಪಳಿ 33 ಅಡಿ, ಅದನ್ನು ಹದಿನಾರು ಭಾಗ ಮಾಡಿದರೆ ಒಂದು ಆಣೆ. ಇದು ಉದ್ದದ ಆಣೆ, ಎರಡು ಅಡಿ ಮುಕ್ಕಾಲು ಇಂಚು. ಇನ್ನು 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 1089 ಚದರ ಅಡಿ. ಅದರ ಹದಿನಾರನೇ ಭಾಗವೂ ಆಣೆಯೇ. ಇದು ಜಾಗದ ಆಣೆ, 68 ಚದರ ಅಡಿ ಚಿಲ್ಲರೆ. ಹೆಸರು ಒಂದೇ, ಸರಕು ಬೇರೆ. ನೀವು ಕಾಗದದಲ್ಲಿ ಬರೆದದ್ದು ಜಾಗದ ಆಣೆ, ಮಾವ ಹೊಲದಲ್ಲಿ ಗೂಟ ಹೊಡೆದದ್ದು ಉದ್ದದ ಆಣೆ.

ಮಾವ ಏನು ಮಾಡಿರುತ್ತಾರೆ ಅಂತ ಇಲ್ಲೇ ಕೂತು ಹೇಳುತ್ತೇನೆ. ನಾಲ್ಕು ಸರಪಳಿ ಅಗಲವನ್ನು ಮೂರು ಪಾಲು ಮಾಡಲು ಹೋಗಿದ್ದಾರೆ. ಒಂದು ಸರಪಳಿ ಐದೂ ಚಿಲ್ಲರೆ ಆಣೆ ಬಂದಿದೆ. ಸರಪಳಿಯಲ್ಲಿ ಚಿಲ್ಲರೆಗೆ ಗುರುತಿಲ್ಲ. ಸರಿ, ನಿಮ್ಮ ಕಾಗದದಲ್ಲೂ 5, 5, 6 ಅಂತಲೇ ಇದೆಯಲ್ಲ, ತಾಳೆ ಆಯ್ತು ಅಂತ ಒಂದು ಸರಪಳಿ ಐದು ಆಣೆ, ಒಂದು ಸರಪಳಿ ಐದು ಆಣೆ, ಒಂದು ಸರಪಳಿ ಆರು ಆಣೆ ಅಂತ ಗೂಟ ಹೊಡೆದಿದ್ದಾರೆ. ಕೂಡಿದರೆ ಸರಿಯಾಗಿ ನಾಲ್ಕು ಸರಪಳಿ. ಅಲ್ಲಿಗೆ ಯಾರಿಗೂ ಅನುಮಾನವೇ ಬರಲ್ಲ. ಆದರೆ ಆ ಒಂದು ಆಣೆ ಅಗಲ ಹತ್ತು ಸರಪಳಿ ಉದ್ದಕ್ಕೂ ಓಡುತ್ತೆ. ಹತ್ತು ಪಟ್ಟು ಆಗುತ್ತೆ. ನಿಮ್ಮ ಕೈಯಲ್ಲಿ ಈಗ ನಿಜವಾಗಿ ಇರೋದು 13 ಗುಂಟೆ 2 ಆಣೆ, ತಮ್ಮನ ಹತ್ತಿರವೂ ಅಷ್ಟೇ, ಅಣ್ಣನ ಹತ್ತಿರ 13 ಗುಂಟೆ 12 ಆಣೆ. ಅಣ್ಣನಿಗೂ ನಿಮಗೂ ಇರಬೇಕಾದ ವ್ಯತ್ಯಾಸ ಒಂದು ಆಣೆ, ಇರೋದು ಹತ್ತು ಆಣೆ, ಅಂದರೆ 680 ಚದರ ಅಡಿ. ಒಂದು ಸಣ್ಣ ಮನೆ ಕಟ್ಟಬಹುದು ಅದರಲ್ಲಿ. ತಮ್ಮ ಸಿಟ್ಟಾದದ್ದರಲ್ಲಿ ಅರ್ಥ ಇದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ನಿಮ್ಮ ಹೊಲ ಚಿಲ್ಲರೆಯೇ ಇಲ್ಲದೆ ಮೂರು ಭಾಗ ಆಗುತ್ತೆ. ನಾಲ್ಕು ಸರಪಳಿ ಅಂದರೆ 132 ಅಡಿ. ಮೂರರಿಂದ ಭಾಗಿಸಿ. 44 ಅಡಿ, ಶೇಷ ಸೊನ್ನೆ. ನೆಲದ ಮೇಲೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಬಂದದ್ದು ಅದನ್ನು ಆಣೆಯಲ್ಲಿ ಬರೆಯಲು ಹೋದಾಗ. 40 ಗುಂಟೆಯನ್ನು ಮೂರು ಮಾಡಿದರೆ 13 ಗುಂಟೆ ಐದೂ ಮೂರನೇ ಒಂದು ಆಣೆ, ಅದಕ್ಕೇ ಕಾಗದದಲ್ಲಿ 5, 5, 6 ಅಂತ ಬರೆಯಬೇಕಾಯ್ತು. ಕಾಗದದ ಆ ಚಿಲ್ಲರೆಯನ್ನು ಯಾರೂ ನೆಲದ ಮೇಲೆ ಹುಡುಕಿಕೊಂಡು ಹೋಗಬಾರದು. ಅದು ಅಲ್ಲಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಗೂಟ ಕಿತ್ತು ಒಂದು ಕಡೆಯಿಂದ 44 ಅಡಿಗೆ ಒಂದು, 88 ಅಡಿಗೆ ಒಂದು ಹೊಡೆಯಿರಿ. ಎರಡೂ ತುದಿಯಲ್ಲಿ ಹೊಡೆಯಿರಿ, ಒಂದೇ ತುದಿಯಲ್ಲಿ ಹೊಡೆದು ಕಣ್ಣಂದಾಜಿಗೆ ಹಗ್ಗ ಎಳೆಯಬೇಡಿ. ಕಾಗದದಲ್ಲಿ 13-5, 13-5, 13-6 ಹಾಗೇ ಇರಲಿ, ಒಟ್ಟು 40 ಗುಂಟೆ ತಾಳೆ ಆಗಬೇಕಲ್ಲ. ಜೊತೆಗೆ ‘ಪ್ರತಿ ಪಾಲಿನ ಅಗಲ 44 ಅಡಿ, ಉದ್ದ 330 ಅಡಿ’ ಅಂತ ಒಂದು ಸಾಲು ಸೇರಿಸಿ, ಚಕ್ಕುಬಂದಿಯನ್ನೂ (ನಾಲ್ಕೂ ದಿಕ್ಕಿಗೆ ಏನಿದೆ, ಯಾರದ್ದಿದೆ ಅನ್ನೋದನ್ನು) ಸರಿಯಾಗಿ ಬರೆಯಿರಿ. ನಾಳೆ ಕ್ಷೇತ್ರಕ್ಕೂ ಚಕ್ಕುಬಂದಿಗೂ ತಾಳೆ ಆಗದೆ ವ್ಯಾಜ್ಯ ಬಂದರೆ ಸಾಮಾನ್ಯವಾಗಿ ಕೋರ್ಟು ಮೊದಲು ನೋಡೋದು ಚಕ್ಕುಬಂದಿಯನ್ನು. ನೋಂದಣಿಗೆ ಹೋಗುವ ಮೊದಲು, ಜಮೀನು ಒಡೆಯುವಾಗ ಸರ್ವೆಯವರು ಮಾಡಿಕೊಡುವ 11ಇ ನಕ್ಷೆ ಮಾಡಿಸಬೇಕಾಗುತ್ತದೆ, ಆ ಹೊತ್ತಿಗೆ ಗೂಟ ಸರಿ ಇದ್ದರೆ ಸರ್ವೆಯರಿಗೂ ಕೆಲಸ ಸುಲಭ.

ಅಣ್ಣನ ಕೈಲಿ ಈ ಲೆಕ್ಕ ಓದಿಸಿ. ನೀವು ಓದಿ ಹೇಳಬೇಡಿ, ಅವರೇ ಓದಲಿ.

ಪ್ರಶ್ನೆ: ನಮ್ಮದು 30–40 ಸೈಟು. ಕ್ರಯಪತ್ರದಲ್ಲಿ 1200 ಚದರ ಅಡಿ. ಇ-ಖಾತೆಯಲ್ಲಿ 9.14 ಮೀಟರ್, 12.19 ಮೀಟರ್, ಒಟ್ಟು 111.42 ಚದರ ಮೀಟರ್ ಅಂತ ಬಂದಿದೆ. ಬ್ಯಾಂಕಿನ ವಕೀಲರು ಲೆಕ್ಕ ಹಾಕಿ 1199.28 ಚದರ ಅಡಿ ಆಗುತ್ತೆ, ಮುಕ್ಕಾಲು ಅಡಿ ಕಮ್ಮಿ ಇದೆ, ವಿವರಣೆ ಕೊಡಿ ಅಂತಿದ್ದಾರೆ. ಯಾರಿಗೆ ವಿವರಣೆ ಕೊಡಲಿ?
— ಮೈಸೂರು

ಉತ್ತರ: ವಕೀಲರಿಗೇ ಕೊಡಿ, ಒಂದೇ ಪುಟ ಸಾಕು. ಒಂದು ಅಡಿ ಅಂದರೆ 0.3048 ಮೀಟರ್. 30 ಅಡಿ ಅಂದರೆ 9.144, 40 ಅಡಿ ಅಂದರೆ 12.192. ಗುಣಿಸಿದರೆ 111.48 ಚದರ ಮೀಟರ್ ಬರಬೇಕು. ಖಾತೆ ಬರೆದವರು ಎರಡೂ ಅಳತೆಯ ಕೊನೆಯ ಅಂಕಿ ಮೊದಲು ಕತ್ತರಿಸಿ ಆಮೇಲೆ ಗುಣಿಸಿದ್ದಾರೆ, 111.42 ಬಂದಿದೆ. ಮೊದಲು ಗುಣಿಸಿ ಆಮೇಲೆ ಕತ್ತರಿಸಿದ್ದರೆ ಈ ಪತ್ರವೇ ನನಗೆ ಬರುತ್ತಿರಲಿಲ್ಲ. ಹಿರೇಕೆರೂರಿನ ಅಣ್ಣತಮ್ಮಂದಿರ ಕಥೆಯೇ ಇದು, ಅಲ್ಲಿ ಎಕರೆ ಲೆಕ್ಕ, ಇಲ್ಲಿ ಸೈಟು ಲೆಕ್ಕ ಅಷ್ಟೇ.

ನಿಮ್ಮಿಂದ ‘ಕಳೆದುಹೋದ’ ಜಾಗ ಒಂದು ಊಟದ ತಟ್ಟೆ ಇಡುವಷ್ಟು. ಅದೂ ನೆಲದಲ್ಲಿ ಕಳೆದಿಲ್ಲ, ಕಂಪ್ಯೂಟರಿನಲ್ಲಿ ಕಳೆದಿದೆ. ತಿದ್ದುಪಡಿಗೆ ಅರ್ಜಿ ಹಾಕೋದಾದರೆ ವಿಸ್ತೀರ್ಣದ ಕಾಲಂ 111.48 ಮಾಡಿ ಅಂತ ಕೇಳಿ, ಉದ್ದ ಅಗಲವನ್ನು ಮುಟ್ಟಿಸಬೇಡಿ. 9.14 ಅನ್ನು 9.15 ಮಾಡಿಕೊಡುತ್ತೇವೆ ಅಂತ ಯಾರಾದರೂ ಉಪಕಾರ ಮಾಡಲು ಬಂದರೆ ಬೇಡ ಅನ್ನಿ. ಆಗ ಪಕ್ಕದ ಸೈಟಿನವರ ವಕೀಲರು ಶುರು ಮಾಡುತ್ತಾರೆ.

ಪ್ರಶ್ನೆ: ಅಂಕಲ್, ತಾತನ ಜಮೀನಿನ ಪಹಣಿಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿದೆ. ಒಂದರಲ್ಲಿ 2.20, ಇನ್ನೊಂದರಲ್ಲಿ 1.30. ಎರಡೂ ಕೂಡಿದರೆ 3.5 ಬಂತು. ಮೂರೂವರೆ ಎಕರೆ ಅಂದೆ. ತಾತ ನಕ್ಕುಬಿಟ್ಟರು, ನಾಲ್ಕು ಎಕರೆಗೂ ಮೇಲಿದೆ ಕಣೇ ಅಂದರು. ಕಂಪ್ಯೂಟರ್ ತಪ್ಪು ಮಾಡುತ್ತಾ?
— ಬೆಂಗಳೂರು

ಉತ್ತರ: ತಾತ ಸರಿ ಕಣಮ್ಮಾ. ಪಹಣಿಯ ಆ ಚುಕ್ಕಿ ದಶಮಾಂಶ ಚುಕ್ಕಿ ಅಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡಲು ಇಟ್ಟ ಗುರುತು ಅದು. 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. 1.30 ಅಂದರೆ ಒಂದೂಮುಕ್ಕಾಲು. ಎರಡೂ ಸೇರಿ ನಾಲ್ಕೂಕಾಲು, ನಾಲ್ಕು ಎಕರೆ ಹತ್ತು ಗುಂಟೆ. ಕಂಪ್ಯೂಟರ್ 20 ಗುಂಟೆಯ ಕೊನೆಯ ಸೊನ್ನೆಯನ್ನು ಬೆಲೆ ಇಲ್ಲದ ಸೊನ್ನೆ ಅಂತ ನುಂಗಿಹಾಕಿತು. ಅದೃಷ್ಟಕ್ಕೆ ನೀನು 3.5 ಅನ್ನು ಮೂರೂವರೆ ಅಂತ ಓದಿದೆ, ಮೂರು ಎಕರೆ ಐದು ಗುಂಟೆ ಅಂತ ಓದಿದ್ದರೆ ಒಂದು ಎಕರೆ ಐದು ಗುಂಟೆಯೇ ಮಾಯ.

ಎಕರೆ, ಗುಂಟೆ, ಆಣೆ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡು. ನಾಲ್ಕನೇ ಕಾಲಂನಲ್ಲಿ ಎಲ್ಲವನ್ನೂ ಆಣೆಗೆ ತಾ, ಎಕರೆಗೆ 640 ಆಣೆ, ಗುಂಟೆಗೆ 16. ನಿನ್ನ ಮೊದಲನೆಯದು 1600 ಆಣೆ, ಎರಡನೆಯದು 1120, ಒಟ್ಟು 2720. ಎಲ್ಲ ಕೂಡಿದ ಮೇಲೆ ಮತ್ತೆ ಎಕರೆಗೆ ತಂದುಕೋ. ಹೀಗೆ ಮಾಡಿದರೆ ಚಿಲ್ಲರೆ ಉದುರಲು ಜಾಗವೇ ಇರಲ್ಲ. ಒಂದು ಎಚ್ಚರಿಕೆ: ನಿಮ್ಮ ಜಮೀನು ದಕ್ಷಿಣ ಕನ್ನಡದ ಕಡೆ ಇದ್ದರೆ ಅಲ್ಲಿ ಚುಕ್ಕಿಯ ಮುಂದೆ ಇರೋದು ಸೆಂಟ್ಸು, ಎಕರೆಗೆ ನೂರು. ಅಲ್ಲಿ 2.20 ಅಂದರೆ ನಿಜವಾಗಿಯೂ ಎರಡು ಪಾಯಿಂಟ್ ಎರಡು ಎಕರೆ. ಅಲ್ಲಿನ ಪಹಣಿಗೆ ಬೇರೆ ಹಾಳೆ ಇಟ್ಟುಕೋ.

ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡು. ಯಾವ ಪಹಣಿ ಯಾವ ಹೊಲದ್ದು ಅಂತ ಹೇಳೋರು ಅವರೊಬ್ಬರೇ.

ಪ್ರಶ್ನೆ: ಆಕಾರ್‌ಬಂದ್‌ನಲ್ಲಿ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ದಾಖಲೆಯಲ್ಲಿ) ನಮ್ಮ ಸರ್ವೆ ನಂಬರು 6 ಎಕರೆ 8 ಗುಂಟೆ. ಅದನ್ನು ಒಡೆದು ಮಾಡಿದ ಐದು ಹಿಸ್ಸಾಗಳ ಪಹಣಿ ಕೂಡಿದರೆ 6 ಎಕರೆ 10 ಗುಂಟೆ ಆಗುತ್ತೆ. ಈ ಎರಡು ಗುಂಟೆ ರೌಂಡ್ ಮಾಡಿದ್ದರಿಂದ ಬಂದದ್ದೋ, ಇಲ್ಲಾ ಯಾರಾದರೂ ಸೇರಿಸಿಕೊಂಡಿದ್ದಾರೋ? ಹೇಗೆ ಗೊತ್ತಾಗಬೇಕು?
— ತುರುವೇಕೆರೆ

ಉತ್ತರ: ಈ ಕಂತಿನಲ್ಲಿ ನನಗೆ ತುಂಬ ಹಿಡಿಸಿದ ಪ್ರಶ್ನೆ ಇದು. ಜಗಳ ಆಡುವ ಮೊದಲು ಕೇಳಿದ್ದೀರಿ.

ಒಂದು ಪರೀಕ್ಷೆ ಇದೆ. ದಾಖಲೆಯಲ್ಲಿ ಬರೆದ ಎಲ್ಲಕ್ಕಿಂತ ಚಿಕ್ಕ ಅಳತೆ ಯಾವುದು ನೋಡಿ. ಬರೀ ಗುಂಟೆಯವರೆಗೆ ಬರೆದಿದ್ದರೆ ಒಂದೊಂದು ಹಿಸ್ಸಾದಲ್ಲೂ ಜಾಸ್ತಿ ಅಂದರೆ ಅರ್ಧ ಗುಂಟೆ ಆಚೀಚೆ ಆಗಿರಬಹುದು. ಐದು ಹಿಸ್ಸಾಕ್ಕೆ ಎರಡೂವರೆ ಗುಂಟೆ. ಆಗ ನಿಮ್ಮ ಎರಡು ಗುಂಟೆ ರೌಂಡ್ ಮಾಡಿದ್ದರಿಂದಲೇ ಬಂದಿರಬಹುದು, ಆದರೆ ಹೆಚ್ಚುಕಮ್ಮಿ ಐದೂ ಮೇಲಕ್ಕೇ ಹೋಗಿರಬೇಕು, ಅದು ಅಪರೂಪ. ಇನ್ನು ಪಹಣಿಯಲ್ಲಿ ಆಣೆಯೂ ಬರೆದಿದ್ದರೆ ಐದು ಹಿಸ್ಸಾಕ್ಕೆ ಎರಡೂವರೆ ಆಣೆ ಮೀರಿ ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ಎರಡು ಗುಂಟೆ ಅಂದರೆ 32 ಆಣೆ. ಅದು ರೌಂಡ್ ಮಾಡಿದ್ದಲ್ಲ, ಬೇರೆ ಏನೋ.

ಆ ‘ಬೇರೆ ಏನೋ’ ಬಹಳ ಸಲ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಒಂದು ಸಾಲು, ಅದರ ಕೆಳಗೆ ಅ ಖರಾಬು, ಬ ಖರಾಬು, ಆಮೇಲೆ ಉಳಿದದ್ದು. ನೀವು ಒಂದು ಹಿಸ್ಸಾದಲ್ಲಿ ಖರಾಬು ಕಳೆದು, ಇನ್ನೊಂದರಲ್ಲಿ ಕಳೆಯದೆ ಕೂಡಿರಬಹುದು. ಅದನ್ನು ಮೊದಲು ನೋಡಿ. ಒಬ್ಬರು ತಿಂಗಳುಗಟ್ಟಲೆ ಪಕ್ಕದ ಹೊಲದವನ ಮೇಲೆ ಅನುಮಾನಪಟ್ಟು, ಕೊನೆಗೆ ನೋಡಿದರೆ ತಮ್ಮದೇ ಹೊಲದ ಮೂಲೆಯ ಹಳ್ಳದ ನಾಲ್ಕು ಗುಂಟೆ ಖರಾಬನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಹಳ್ಳದಲ್ಲೇ ದಿನಾ ಎಮ್ಮೆ ತೊಳೆಯುತ್ತಿದ್ದರು.

ಖರಾಬೂ ಸರಿ ಇದ್ದರೆ ಹಿಸ್ಸಾ ಟಿಪ್ಪಣಿಗಳ (ಅಳತೆ ಮಾಡಿದಾಗ ಬರೆದ ದಾಖಲೆಗಳ) ನಕಲು ತೆಗೆಸಿ, ಯಾವ ಹಿಸ್ಸಾದ ಅಂಕಿ ಟಿಪ್ಪಣಿಗೂ ಪಹಣಿಗೂ ಬೇರೆ ಇದೆ ನೋಡಿ. ಒಂದು ಕಡೆ 1-14 ಇದ್ದದ್ದು ಇನ್ನೊಂದು ಕಡೆ 1-16 ಆಗಿರುತ್ತೆ, ಹಳೆಯ ಕೈಬರಹದಲ್ಲಿ 4 ಮತ್ತು 6 ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ. ಅದು ಸಿಕ್ಕರೆ ದಾಖಲೆ ಸಮೇತ ತಾಲ್ಲೂಕು ಕಚೇರಿಗೆ ತಿದ್ದುಪಡಿ ಅರ್ಜಿ. ಸಿಗದಿದ್ದರೆ ಐದೂ ಜನ ಸೇರಿ ಅಳತೆಗೆ ಅರ್ಜಿ ಹಾಕಿ. ಒಬ್ಬರೇ ಹಾಕಿದರೆ ಉಳಿದ ನಾಲ್ವರು ಅಳತೆಯ ದಿನ ಊರಲ್ಲೇ ಇರಲ್ಲ.

ಪ್ರಶ್ನೆ: ಮೊಬೈಲ್ ಆ್ಯಪ್ ಹಿಡಿದು ಬದುವಿನ ಮೇಲೆ ಹೊಲ ಸುತ್ತಿ ಬಂದೆ ಸರ್. ಪಹಣಿಯಾಗ 5 ಎಕರೆ ಐತಿ, ಆ್ಯಪ್ 5 ಎಕರೆ 3 ಗುಂಟೆ ತೋರಿಸ್ತು. ಯಾವುದು ಖರೆ?
— ಸಿಂದಗಿ

ಉತ್ತರ: ಖುಷಿ ಪಡಬೇಡಿ. ಐದು ಎಕರೆ ಚೌಕ ಹೊಲ ಅಂದುಕೊಳ್ಳಿ. ಒಂದೊಂದು ಬದಿ ಸುಮಾರು 467 ಅಡಿ, ಸುತ್ತಳತೆ 1867 ಅಡಿ. ಮೂರು ಗುಂಟೆ ಅಂದರೆ 3267 ಚದರ ಅಡಿ. ಇದನ್ನು ಸುತ್ತಳತೆಗೆ ಹಂಚಿದರೆ ಒಂದೂಮುಕ್ಕಾಲು ಅಡಿ. ಅಂದರೆ ನೀವು ಗಡಿಗಿಂತ ಎರಡು ಅಡಿಯೂ ಇಲ್ಲದಷ್ಟು ಆಚೆ ನಡೆದಿದ್ದೀರಿ, ಅಷ್ಟೇ. ಬದುವಿನ ಮೇಲೆ ಆಚೆ ಮಗ್ಗುಲಿಗೆ ನಡೆದರೇ ಅಷ್ಟಾಗುತ್ತೆ. ಅದೂ ಅಲ್ಲದೆ ಫೋನಿನ ಜಿಪಿಎಸ್ ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ.

ದಿಶಾಂಕ್ ಆ್ಯಪ್ ಇದೆಯಲ್ಲ, ಅದೂ ಅಷ್ಟೇ. ನೀವು ನಿಂತ ಜಾಗ ಯಾವ ಸರ್ವೆ ನಂಬರು ಅಂತ ತಿಳಿಯಲು ಬಹಳ ಒಳ್ಳೆಯದು. ಗಡಿಯ ಬಾಂದು ಕಲ್ಲು ಎಲ್ಲಿರಬೇಕು ಅಂತ ತೀರ್ಮಾನ ಮಾಡಲು ಅಲ್ಲ. ಈಗ ಸರ್ವೆಯವರು ತರುವ ರೋವರ್ ಯಂತ್ರ ಬೇರೆ, ಅದು ನೆಲೆ ನಿಂತ ಸ್ಟೇಷನ್ನುಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ಎರಡೂ ಉಪಗ್ರಹದಿಂದಲೇ ಕೆಲಸ ಮಾಡುತ್ತವೆ ಅಂತ ಒಂದೇ ಅಂದುಕೊಳ್ಳಬೇಡಿ.

ಪ್ರಶ್ನೆ: ಹಳೇ ಕ್ರಯಪತ್ರದಲ್ಲಿ ಸೈಟಿನ ಉದ್ದ 40.10 ಅಡಿ, ಅಗಲ 30 ಅಡಿ ಅಂತ ಟೈಪ್ ಆಗಿದೆ. ಹಿಂದಿನ ಸೈಟಿನವರು ಕಾಂಪೌಂಡ್ ಕಟ್ಟಲು ಬಂದು, ನಿಮ್ಮದು ನಲವತ್ತು ಅಡಿ ಒಂದಿಂಚು ಅಷ್ಟೇ ಅಂತಿದ್ದಾರೆ. ನಾವು ಅಳೆದರೆ 40 ಅಡಿ 10 ಇಂಚು ಇದೆ.
— ಶಿವಮೊಗ್ಗ

ಉತ್ತರ: ಪತ್ರದ ಇನ್ನೊಂದು ಸಾಲು ನನಗೆ ಬರೆಯಲೇ ಇಲ್ಲ ನೀವು. ವಿಸ್ತೀರ್ಣ ಎಷ್ಟು ಅಂತ ಬರೆದಿದೆ? ಅಲ್ಲಿ 1225 ಚದರ ಅಡಿ ಇದ್ದರೆ ಜಗಳ ಮುಗಿಯಿತು. 40 ಅಡಿ 10 ಇಂಚನ್ನು 30ರಿಂದ ಗುಣಿಸಿದರೆ ಸರಿಯಾಗಿ 1225. ದಶಮಾಂಶ ಲೆಕ್ಕದಲ್ಲಿ 40.10 ಆಗಿದ್ದರೆ 1203 ಇರಬೇಕು. ಬರೆದವರು ಇಂಚು ಹಿಡಿದಿದ್ದರೋ ದಶಮಾಂಶ ಹಿಡಿದಿದ್ದರೋ ಅಂತ ವಿಸ್ತೀರ್ಣವೇ ಸಾಕ್ಷಿ ಹೇಳುತ್ತೆ. ನೆರೆಯವರು ಹೇಳೋ ‘ಒಂದಿಂಚು’ ಎರಡೂ ಲೆಕ್ಕದಲ್ಲಿ ಬರಲ್ಲ, ದಶಮಾಂಶದ ಪ್ರಕಾರವೂ ಅದು ಒಂದು ಇಂಚಿನ ಮೇಲೆ ಚಿಲ್ಲರೆ. ಇರಲಿ ಬಿಡಿ.

ಹೊಸ ಪತ್ರ ಮಾಡಿಸುವವರಿಗೆ: ಅಡಿ ಇಂಚಿನ ನಡುವೆ ಚುಕ್ಕಿ ಇಡಲೇಬೇಡಿ. ‘ನಲವತ್ತು ಅಡಿ ಹತ್ತು ಇಂಚು’ ಅಂತ ಅಕ್ಷರದಲ್ಲಿ ಬರೆಸಿ.

ಇದರ ಜೊತೆಗೆ ಹೇಳಿಬಿಡುತ್ತೇನೆ, ಯಾಕಂದರೆ ದಾವಣಗೆರೆಯಿಂದಲೂ ಇಂಥದ್ದೇ ಒಂದು ಪತ್ರ ಬಂದಿದೆ. ಸೊಟ್ಟ ಸೈಟುಗಳಿಗೆ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಪದ್ಧತಿ ಇದೆಯಲ್ಲ, ಅದು ಯಾವತ್ತೂ ನಿಜಕ್ಕಿಂತ ಕಮ್ಮಿ ತೋರಿಸಲ್ಲ. ಮೂಲೆಗಳು ನೇರ ಇದ್ದರೆ ಸರಿಯಾಗಿ ಬರುತ್ತೆ, ಇಲ್ಲದಿದ್ದರೆ ಜಾಸ್ತಿ ಬರುತ್ತೆ. ನಾಲ್ಕು ಬದಿ 30, 40, 30, 40 ಇದ್ದರೂ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ 50 ಅಡಿ ಬಂದರೆ 1200. ಒಂದು 46 ಅಡಿ, ಇನ್ನೊಂದು 53 ಅಡಿ 8 ಇಂಚು ಬಂತು ಅನ್ನಿ, ಆಗ ನಿಜವಾದ ಜಾಗ 1184 ಚದರ ಅಡಿ ಚಿಲ್ಲರೆ. ಬದಿಗಳು ಒಂದಿಂಚೂ ತಪ್ಪಿಲ್ಲ, ಆದರೂ ಹದಿನೈದು ಅಡಿಗೆ ಸುಮ್ನೆ ದುಡ್ಡು ಕೊಟ್ಟಿರುತ್ತೀರಿ. ಇದಕ್ಕೆ ರೌಂಡಿಂಗ್ ಅಂತ ಸಮಾಧಾನ ಹೇಳೋರು ಸಿಗುತ್ತಾರೆ. ಒಪ್ಪಬೇಡಿ.

ಪ್ರಶ್ನೆ: ಪಾಲಿಟೆಕ್ನಿಕ್ ಸಿವಿಲ್ ಓದುತ್ತಿದ್ದೇನೆ. ಟ್ರಾವರ್ಸ್ (ಬದಿಗಳನ್ನು ಒಂದೊಂದಾಗಿ ಅಳೆಯುತ್ತಾ ಸುತ್ತಿ ಬರುವ ಸರ್ವೆ) ಮಾಡಿದಾಗ ಪೂರ್ವ ದಿಕ್ಕಿಗೆ 8 ಸೆಂಟಿಮೀಟರ್ ತಪ್ಪು ಬಂತು. ಬದಿಗಳು 120, 150, 90, 120 ಮೀಟರ್. ಬೌಡಿಚ್ ನಿಯಮದಂತೆ ಹಂಚಿದೆ, 2, 3, 2, 2 ಬಂತು, ಕೂಡಿದರೆ 9! ಲೆಕ್ಚರರ್ ಮತ್ತೆ ಮಾಡು ಅಂದರು.
— ಗದಗ

ಉತ್ತರ: ಮತ್ತೆ ಮಾಡಿದರೂ ಒಂಬತ್ತೇ ಬರುತ್ತೆ ತಮ್ಮಾ, ಮಾಡುವ ರೀತಿ ಬದಲಾಗದಿದ್ದರೆ. ಬೌಡಿಚ್ ಹೇಳೋದು ಬದಿಯ ಉದ್ದಕ್ಕೆ ತಕ್ಕಂತೆ ಹಂಚು ಅಂತ. ಒಟ್ಟು 480 ಮೀಟರ್. 120ಕ್ಕೆ 20 ಮಿಲಿಮೀಟರ್, 150ಕ್ಕೆ 25, 90ಕ್ಕೆ 15, ಮತ್ತೆ 20. ಕೂಡು, 80 ಸರಿಯಾಗಿದೆ. ನೀನು 25ನ್ನೂ 15ನ್ನೂ ಎರಡನ್ನೂ ಮೇಲಕ್ಕೆ ಎತ್ತಿ ಸೆಂಟಿಮೀಟರ್ ಮಾಡಿದೆ. ಉತ್ತರ ಸೆಂಟಿಮೀಟರಿನಲ್ಲಿ ಬೇಕಿದ್ದರೂ ಒಳಗಿನ ಲೆಕ್ಕವನ್ನು ಒಂದು ಅಂಕಿ ಜಾಸ್ತಿ ಇಟ್ಟುಕೊಂಡೇ ಮಾಡಬೇಕು. ಅಷ್ಟಾದ ಮೇಲೂ ಒಂದು ಮಿಲಿಮೀಟರ್ ಉಳಿದರೆ ಅದನ್ನು ಎಲ್ಲಕ್ಕಿಂತ ಉದ್ದದ ಬದಿಗೆ ಹಾಕಿ, ಹಾಗೆ ಹಾಕಿದ್ದೇನೆ ಅಂತ ಪಕ್ಕದಲ್ಲಿ ಬರೆ. ಬರೆಯದೆ ಒಳಗೊಳಗೇ ಸೇರಿಸಿದರೆ ಅದು ಕಳ್ಳಲೆಕ್ಕ. ಬರೆದರೆ ತಿದ್ದುಪಡಿ.

ಪ್ರಶ್ನೆ: ನಮ್ಮ ಹಳೆಯ ದಾಖಲೆಯಲ್ಲಿ 25 ಸೆಂಟ್ಸ್, ತೆರಿಗೆ ರಸೀದಿಯಲ್ಲಿ 10.12 ಆರ್. ಸರಿಯಾ?
— ಕಾಸರಗೋಡು

ಉತ್ತರ: ಸರಿ. 25 ಸೆಂಟ್ಸ್ ಅಂದರೆ 1011.71 ಚದರ ಮೀಟರ್, ನೂರು ಚದರ ಮೀಟರಿಗೆ ಒಂದು ಆರ್, ಆ ಲೆಕ್ಕದಲ್ಲಿ 10.1171, ಎರಡು ಅಂಕಿಗೆ ತಂದರೆ 10.12. ಮೂರು ಚದರ ಅಡಿ ನಿಮಗೇ ಲಾಭ ಬಂದಿದೆ. ಯಾರಿಗೂ ಹೇಳಬೇಡಿ.

ಪ್ರಶ್ನೆ: ಹೊಸ ಸ್ಟೀಲ್ ಟೇಪ್ ತಂದೆ. ತುದಿಯ ಕೊಕ್ಕೆ ಅಲ್ಲಾಡುತ್ತೆ, ಹಿಂದೆ ಮುಂದೆ ಜರುಗುತ್ತೆ. ಅಂಗಡಿಯವರು ಬದಲಿಸಿಕೊಡಲ್ಲ ಅಂದರು. ನಾನೇ ಸುತ್ತಿಗೆಯಿಂದ ಬಡಿದು ಬಿಗಿ ಮಾಡಲಾ?
— ಅರಸೀಕೆರೆ

ಉತ್ತರ: ಅಯ್ಯೋ, ಬಡಿಯಬೇಡಿ! ಅದು ಅಲ್ಲಾಡಬೇಕು. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ಜರುಗುವ ಹಾಗೆ ಮಾಡಿರುತ್ತಾರೆ. ಕೊಕ್ಕೆಯನ್ನು ಹಲಗೆಗೆ ಸಿಕ್ಕಿಸಿ ಎಳೆದಾಗ ಅದು ಮುಂದೆ ಬರುತ್ತೆ, ಗೋಡೆಗೆ ಒತ್ತಿ ಅಳೆದಾಗ ಹಿಂದೆ ಹೋಗುತ್ತೆ. ಎರಡೂ ಸಲ ಸೊನ್ನೆ ಸರಿಯಾದ ಜಾಗದಲ್ಲೇ ಇರುತ್ತೆ. ಬಿಗಿ ಮಾಡಿದಿರೋ, ಒಂದು ರೀತಿಯ ಅಳತೆ ಯಾವಾಗಲೂ ಒಂದು ಮಿಲಿಮೀಟರಿನಷ್ಟು ತಪ್ಪಾಗುತ್ತೆ.

ಹೊಲ ಅಳೆಯುವ ಉದ್ದ ಟೇಪಿನಲ್ಲಿ ನೋಡಬೇಕಾದ್ದು ಬೇರೆ, ಅದರ ಸೊನ್ನೆ ಎಲ್ಲಿದೆ ಅಂತ. ಕೆಲವಕ್ಕೆ ತುದಿಯ ಉಂಗುರದ ಹೊರಗಿನ ಅಂಚೇ ಸೊನ್ನೆ, ಕೆಲವಕ್ಕೆ ಒಂದು ಗೇಣು ಒಳಗೆ ಗೆರೆ ಇರುತ್ತೆ. ಸರಪಳಿಯ ಕಾಲದಲ್ಲೂ ಇದೇ ಗೋಳು. ಸರಪಳಿಯ ಉದ್ದ ಅಂದರೆ ಒಂದು ಹಿಡಿಯ ಹೊರಗಿನಿಂದ ಇನ್ನೊಂದು ಹಿಡಿಯ ಹೊರಗಿನವರೆಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಿಂದೆ ಹಿಡಿದವನು ಹಿಡಿಯೊಳಗೆ ಬೆರಳು ತೂರಿಸಿ, ಬೆರಳನ್ನೇ ಗೂಟಕ್ಕೆ ಆನಿಸಿ ನಿಲ್ಲುತ್ತಿದ್ದ. ಮಧ್ಯಾಹ್ನದವರೆಗೂ ಗಮನಿಸಲಿಲ್ಲ. ಅಲ್ಲಿಯವರೆಗೆ ಅಳೆದ ಒಂದೊಂದು ಸರಪಳಿಯಲ್ಲೂ ಬೆರಳಿನ ದಪ್ಪದಷ್ಟು ತಪ್ಪು, ಎಲ್ಲವೂ ಒಂದೇ ಕಡೆಗೆ. ರೌಂಡ್ ಮಾಡಿದ ತಪ್ಪಾದರೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗಿ ಅರ್ಧಕ್ಕರ್ಧ ಕಳೆದುಹೋಗುತ್ತೆ. ಇದು ಹಾಗಲ್ಲ, ಕೂಡುತ್ತಲೇ ಹೋಗುತ್ತೆ. ಊಟ ಬಿಟ್ಟು ಮೊದಲಿಂದ ಅಳೆದೆವು. ಹೊಲದ ಯಜಮಾನರು ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಾ ನಮ್ಮನ್ನೇ ನೋಡುತ್ತಿದ್ದರು. ಬೆಳಿಗ್ಗೆಯಿಂದಲೇ ಅವರಿಗೆ ಗೊತ್ತಿತ್ತಂತೆ, ‘ನೀವು ಓದಿದೋರು, ಏನೋ ಲೆಕ್ಕ ಇರಬೇಕು ಅಂತ ಸುಮ್ನಿದ್ದೆ’ ಅಂದರು.

ನಿಮ್ಮ ಉದ್ದ ಟೇಪನ್ನು ಒಂದು ಸಲ ಪೂರ್ತಿ ಬಿಚ್ಚಿ, ಸೊನ್ನೆ ಎಲ್ಲಿದೆ ನೋಡಿ, ಅಲ್ಲಿ ಕೆಂಪು ಬಣ್ಣದ ಒಂದು ಗುರುತು ಹಾಕಿಡಿ.